ಹಿಮ ನೋಡುವ ಹೇಡಿ ಪಲ್ಜೋರ್

ನಮ್ಮೂರಿನಲ್ಲಿ ಹಿಮ ನೋಡುವ ಕೆಲಸಕ್ಕೆ ಧೈರ್ಯವಂತರನ್ನು ಇಡುವುದಿಲ್ಲ. ಹಿಂದೆ ಇಡುತ್ತಿದ್ದರಂತೆ. ಒಬ್ಬ ಕರಡಿಯನ್ನು ಕೋಲಿನಲ್ಲಿ ಹೊಡೆದು ಓಡಿಸಿದವನು. ಅವನನ್ನು ಹಿಮದ ಮುದುಕಿ ಒಯ್ದಳು. ಇನ್ನೊಬ್ಬ ಹೆಪ್ಪುಗಟ್ಟಿದ ಹೊಳೆಯ ಮೇಲೆ ಕುಡಿದು ಕುಣಿದವನು, ಅವನನ್ನೂ ಒಯ್ದಳು. ಆಮೇಲೆ ಹಿರಿಯರು ಒಲೆಯ ಸುತ್ತ ಕೂತು, ಬಾರ್ಲಿಯ ಛಂಗ್ ಕುಡಿದು, ಯೋಚನೆ ಮಾಡಿದರು. ಧೈರ್ಯವಂತನನ್ನು ಇಟ್ಟರೆ ಅವನೂ ಹೋಗುತ್ತಾನೆ, ಅವನನ್ನು ನಂಬಿ ಹಿಂದೆ ಹೊರಟವರೂ ಹೋಗುತ್ತಾರೆ. ಊರಿಗೆಲ್ಲ ದೊಡ್ಡ ಹೇಡಿ ಯಾರೋ ಅವನನ್ನೇ ಇಡೋಣ. ಅವನು ಹಿಮ ದಾಟಬಹುದು ಎಂದ ಮೇಲೆ ಹಸುಗೂಸನ್ನೂ ದಾಟಿಸಬಹುದು.

ಅಲ್ಲಿಂದ ಇದೇ ರೂಢಿ. ಆಲೂಗಡ್ಡೆ ಕಿತ್ತು, ಹುಲ್ಲು ಮಾಳಿಗೆಗೆ ಏರಿಸಿದ ಮೇಲೆ ಊರು ಸೇರುತ್ತದೆ, ಆ ವರ್ಷದ ಹೇಡಿಯನ್ನು ಆರಿಸುತ್ತದೆ. ನಮ್ಮ ಮನೆಯವರು, ಪಲ್ಜೋರ್, ಪ್ರತಿ ವರ್ಷವೂ ಎದುರಾಳಿಯಿಲ್ಲದೆ ಗೆಲ್ಲುತ್ತಿದ್ದರು. ಒಂದು ಸಲ ಮಾತ್ರ ಅಂಗ್ದುಯಿ ದೊಡ್ಡಪ್ಪನ ತಮ್ಮ ಎದ್ದು ನಿಂತು, "ಪಲ್ಜೋರ್‌ಗಿಂತ ನಾನೇ ಹೆಚ್ಚು ಹೆದರ್ತೀನಿ, ನನ್ನ ಹೆಂಡತೀನ ಕಂಡ್ರೆ ನನ್ನ ಕೈಕಾಲು ನಡುಗುತ್ತೆ" ಎಂದ. ಹಿರಿಯರು ಕೇಳಿ, "ಕೂತ್ಕೋ. ಅದು ಲೆಕ್ಕಕ್ಕಿಲ್ಲ, ಅದು ಎಲ್ಲರಿಗೂ ಇದೆ" ಎಂದರು.

ನಮ್ಮ ಮನೆಯವರು ತೀರಿಕೊಂಡು ಕೆಲವು ವರ್ಷಗಳಾದವು. ಬೇಸಿಗೆಯಲ್ಲಿ, ಬಟಾಣಿ ಹೂ ಬಿಟ್ಟ ಕಾಲದಲ್ಲಿ, ತಮ್ಮ ಹಾಸಿಗೆಯ ಮೇಲೆಯೇ ಹೋದರು. ಹಿಮ ನೋಡುವ ಕೆಲಸ ಮಾಡಿದವರಲ್ಲಿ ಹಾಗೆ ಹೋದ ಮೊದಲನೆಯವರು ಅವರೇ. ಈಗ ಊರಿನವರು ಅವರ ಕತೆಯನ್ನು ತಮಗೆ ಬೇಕಾದಂತೆ ಹೇಳುತ್ತಾರೆ. ನಮ್ಮ ಮಗ ನೋರ್ಬುವಿನ ಮದುವೆಯ ದಿನ ಅವರು ಏನು ಮಾಡಿದರು ಎಂಬುದನ್ನಂತೂ ಒಬ್ಬೊಬ್ಬರು ಒಂದೊಂದು ರೀತಿ. ನಾನು ಅಲ್ಲೇ ನಿಂತು ನೋಡಿದವಳು. ಆದದ್ದು ಹೀಗೆ.

ನಮ್ಮ ಯುರ್ನಾ ಹಳ್ಳಿಗೂ ಆಚೆಯ ಶಿಲಿಂಗ್ ಹಳ್ಳಿಗೂ ನಡುವೆ ಒಂದು ಕಡಿದಾದ ಕೊರಕಲು. ಬೇಸಿಗೆಯಲ್ಲಿ ಅದನ್ನು ಆಡು ಕಾಯುವ ಮಕ್ಕಳು ಹಾಡು ಹೇಳುತ್ತಾ ದಾಟುತ್ತವೆ. ಚಳಿಗಾಲದಲ್ಲಿ ಅದರ ಮೇಲಿನ ಬೆಟ್ಟದ ತುಂಬ ಹಿಮ ಬಂದು ಕೂರುತ್ತದೆ. ಆ ಹಿಮಕ್ಕೇ ನಾವು ಮುದುಕಿ ಎನ್ನುವುದು. ಮುದುಕಿ ಮಲಗಿದ್ದಾಳೆ ಎಂದರೆ ಹಿಮ ಮೇಲೆ ಕೂತಿದೆ. ಮುದುಕಿ ಇಳಿದಳು ಎಂದರೆ ಇಡೀ ಬೆಟ್ಟದ ಹಿಮ ಒಮ್ಮೆಗೇ ಜಾರಿ, ಕೊರಕಲು ತುಂಬಿ, ಹೊಳೆಯವರೆಗೂ ಬಂದಿತು. ಒಮ್ಮೆ ಇಳಿದಳೆಂದರೆ ನಮಗೆ ಹಬ್ಬ. ಆಮೇಲೆ ನಿಶ್ಚಿಂತೆಯಾಗಿ ದಾಟಬಹುದು. ಇಳಿಯುವವರೆಗೆ ಯುರ್ನಾದಲ್ಲಾಗಲಿ ಶಿಲಿಂಗ್‌ನಲ್ಲಾಗಲಿ ಯಾರೂ ದನಿ ಎತ್ತುವಂತಿಲ್ಲ. ಡೋಲು ಇಲ್ಲ, ಕೋವಿ ಇಲ್ಲ, ಕೂಗು ಇಲ್ಲ. ಮಗು ಅತ್ತರೆ ಎದೆಗೆ ಹಾಕಿಕೊಳ್ಳಬೇಕು, ನಾಯಿ ಬೊಗಳಿದರೆ ಮೂಳೆ ಕೊಡಬೇಕು. ಜಗಳವನ್ನು ಪಿಸುಮಾತಿನಲ್ಲಿ ಆಡಬೇಕು. ಪಿಸುಮಾತಿನಲ್ಲಿ ಬೈದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಎಂಥ ಬೈಗುಳವೂ ಗುಟ್ಟು ಹೇಳಿದ ಹಾಗೆ ಕೇಳಿಸುತ್ತದೆ.

ನಮ್ಮ ಮನೆಯವರಿಗೆ ಈ ಮೌನದಲ್ಲಿ ನಂಬಿಕೆ ಇರಲಿಲ್ಲ. "ಮುದುಕಿಗೆ ಕಿವಿ ಇಲ್ಲ ಕಣೇ. ಅವಳನ್ನ ಎಬ್ಬಿಸೋದು ಭಾರ, ಬಿಸಿಲು, ಗಾಳಿ. ಕೂಗಿದ್ರೆ ಏನೂ ಆಗಲ್ಲ" ಎಂದು ನನ್ನ ಹತ್ತಿರ ಮಾತ್ರ ಹೇಳುತ್ತಿದ್ದರು. "ಹಾಗಾದ್ರೆ ಊರಿಗೆ ಹೇಳಿ" ಎಂದರೆ, "ಬೇಡ. ಎಲ್ಲರೂ ಬಾಯಿ ಮುಚ್ಕೊಂಡಿದ್ದಾಗ ತಾನೇ ನನ್ನ ಮಾತು ಕೇಳಿಸೋದು?" ಎನ್ನುತ್ತಿದ್ದರು.

ಅವರ ಮಾತಾದರೂ ಎಷ್ಟು? "ಇವತ್ತು ಬೇಡ." ಅಷ್ಟೇ. ಬೆಳಿಗ್ಗೆ ಚಹಾ ಕುಡಿದು, ಕಣ ಗುಡಿಸುವ ಮರದ ಸಲಿಕೆ ಹಿಡಿದು, ಕೊರಕಲಿನ ಅಂಚಿನ ಧೂಪದ ಮರದವರೆಗೆ ಹೋಗುತ್ತಿದ್ದರು. ಅಲ್ಲಿ ಇಳಿಜಾರು ಸಣ್ಣದು, ಅಪಾಯವಿಲ್ಲ. ಆದರೆ ಹಿಮ ಮಾತ್ರ ಮುದುಕಿಯದೇ, ಮೇಲಿರುವ ಪದರಗಳೇ ಇಲ್ಲೂ. ನೆಲ ಸಿಗುವವರೆಗೆ ಗುಂಡಿ ತೋಡಿ, ಒಂದು ಮಗ್ಗುಲನ್ನು ಗೋಡೆಯ ಹಾಗೆ ನಯವಾಗಿ ಕತ್ತರಿಸಿ, ಮೇಲಿನಿಂದ ಕೆಳಗೆ ಒತ್ತುತ್ತಾ ಬರುತ್ತಿದ್ದರು. ಒಂದು ಪದರಕ್ಕೆ ಮುಷ್ಟಿ ಹೋಗುತ್ತದೆ, ಒಂದಕ್ಕೆ ಬೆರಳು ಮಾತ್ರ, ಒಂದಕ್ಕೆ ಕಡ್ಡಿಯೇ ಬೇಕು. ಗಟ್ಟಿಯ ಕೆಳಗೆ ಮೆತ್ತಗಿದ್ದರೆ ಮುಖ ಸಣ್ಣದಾಗುತ್ತಿತ್ತು. ಈ ಚಟ ಮನೆಗೂ ಬಂದಿತ್ತು. ನಾನು ನಾದಿದ ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು, ಕಂಬಳಿಯ ರಾಶಿಯನ್ನು ಮುಷ್ಟಿಯಿಂದ. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪನ ಮನೆಯ ಏಣಿಯ ಒಂದೊಂದು ಮೆಟ್ಟಿಲನ್ನೂ ಬಡಿದು ನೋಡಿ ಹತ್ತಿದರು. ಬಂದವರು ಹೆಣ್ಣು ನೋಡಿದರೋ ಏಣಿ ನೋಡಿದರೋ ಎಂದು ನಮ್ಮಮ್ಮ ಬಹಳ ದಿನ ಕೇಳುತ್ತಿದ್ದಳು.

ನೋರ್ಬು ನಮ್ಮ ಹಿರಿಯ ಮಗ. ಶಿಲಿಂಗ್‌ನ ಫುಂಚೋಗ್‌ನ ಮಗಳು ದೇಕಿ ಅವನಿಗೆ ಇಷ್ಟವಾಗಿ, ಅವಳಿಗೂ ಇವನು ಇಷ್ಟವಾಗಿ, ಮದುವೆ ಗೊತ್ತಾಯಿತು. ಫುಂಚೋಗ್‌ನದು ಕಣಿವೆಯಲ್ಲೇ ದೊಡ್ಡ ಗಂಟಲು. ಬೇಸಿಗೆಯಲ್ಲಿ ಅವನು ತನ್ನ ಹೊಲದಲ್ಲಿ ಎತ್ತನ್ನು ಗದರಿದರೆ ನಮ್ಮ ಹೊಲದ ಎತ್ತು ನಿಲ್ಲುತ್ತಿತ್ತು. ಮೌನದ ತಿಂಗಳುಗಳಲ್ಲಿ ಪಾಪ, ಮುಖ ಕೆಂಪಗೆ ಮಾಡಿಕೊಂಡು ಕುದಿಯುವ ಪಾತ್ರೆಯ ಹಾಗೆ ಓಡಾಡುತ್ತಿದ್ದ. ಕೇಲಾಂಗ್‌ನ ಅಂಗಡಿಯವರ ಮನೆಯಿಂದಲೂ ದೇಕಿಗೆ ಸಂಬಂಧ ಬಂದಿತ್ತು. ಹಾಗಾಗಿ ಫುಂಚೋಗ್ ಖಡಾಖಂಡಿತವಾಗಿ ಹೇಳಿದ್ದ: "ಲಾಮಾ ಹೇಳಿದ ದಿನ, ಹೊತ್ತು ಮುಳುಗೋದರೊಳಗೆ ವರ ನನ್ನ ಹೊಸ್ತಿಲು ತುಳೀಬೇಕು. ಕರೆದ ನೆಂಟರ ಮುಂದೆ ನಾನು ಖಾಲಿ ಚಾಪೆ ಹಾಸ್ಕೊಂಡು ಕೂರೋನಲ್ಲ. ಬರಲಿಲ್ವಾ, ಹೆಣ್ಣು ಕೇಲಾಂಗ್‌ಗೆ."

ಮದುವೆಗೆ ಮುಂಚೆಯೇ ನಮ್ಮ ಮಗಳು ಯಂಕಿ ಶಿಲಿಂಗ್‌ಗೆ ಹೋಗಿದ್ದಳು. ಮದುಮಗಳು ಗಂಡನ ಕಡೆಯವರಿಗೆಲ್ಲ ಉಣ್ಣೆಯ ಕಾಲ್ಚೀಲ ಕೊಡಬೇಕು. ನಮ್ಮ ಕಡೆ ಕಾಲುಗಳು ಬಹಳ. ಗೆಳತಿಗೆ ಹೆಣೆದುಕೊಡಲು ಹೋದವಳು, ಅಷ್ಟರಲ್ಲಿ ಆಕಾಶ ಹರಿದ ಹಾಗೆ ಹಿಮ ಬಿದ್ದು, ಅಲ್ಲೇ ಉಳಿದಳು. ಅವಳು ವಾಪಸ್ ಬರುತ್ತೇನೆ ಎಂದು ಆಚೆ ದಂಡೆಯಲ್ಲಿ ಬಂದು ನಿಂತಾಗಲೆಲ್ಲ ಅವರಪ್ಪ ಬಂಡೆಯ ಮೇಲೆ ಕರಿ ಕಂಬಳಿ ಹಾಸುತ್ತಿದ್ದರು. ಕರಿ ಕಂಬಳಿ ಎಂದರೆ ಬೇಡ. ಕೆಂಪು ಶಾಲು ಬೀಸಿದರೆ ಬನ್ನಿ. ಆಚೆಗೆ ಮನುಷ್ಯರ ಮುಖ ಕಾಣುತ್ತದೆ, ಕೂಗದೆ ಮಾತು ಮುಟ್ಟುವುದಿಲ್ಲ. ಅದಕ್ಕೇ ಈ ಏರ್ಪಾಡು.

ಮದುವೆಯ ದಿನ ಬಂತು. ಹಿಂದಿನ ದಿನಗಳೆಲ್ಲ ಗಾಳಿ. ಅಂದು ಮಾತ್ರ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ. ನೋರ್ಬು ರೇಷ್ಮೆ ನಿಲುವಂಗಿ ತೊಟ್ಟು, ಮದುಮಗಳ ಕೊರಳಪಟ್ಟಿಗೆ ಸಿಕ್ಕಿಸುವ ವರನ ಬಾಣ ಹಿಡಿದು, ಬೆಳಗಾಗುವ ಮೊದಲೇ ತಯಾರು. ಇಡೀ ಊರು ಧೂಪದ ಮರದ ಹತ್ತಿರ ನೆರೆಯಿತು. ದಿಬ್ಬಣಕ್ಕೆ ಬಂದವರು ಕೆಲವರು. ಉಳಿದವರು ಪಲ್ಜೋರ್ ತನ್ನ ಮಗನಿಗೂ ಬೇಡ ಎನ್ನುತ್ತಾನಾ ಎಂದು ನೋಡಲು ಬಂದವರು. ಯಾಕೆಂದರೆ ಅವರು ಯಾರಿಗೂ ಬಿಟ್ಟಿರಲಿಲ್ಲ. ಹಬ್ಬಕ್ಕೆ ತವರಿಗೆ ಹೊರಟವಳಿಗೆ ಬೇಡ, ಹಲ್ಲುನೋವಿನವನಿಗೆ ಬೇಡ. ಅಂಗ್ದುಯಿ ದೊಡ್ಡಪ್ಪನಿಗಂತೂ ಆಚೆ ಊರಿನಲ್ಲಿ ಹಾಕಿಟ್ಟ ಛಂಗ್ ಹುಳಿಯಾಗುವವರೆಗೂ ಬೇಡ. ಎಲ್ಲರ ಹೊಟ್ಟೆಯಲ್ಲೂ ಒಂದೊಂದು ಬೇಡ ಇತ್ತು.

ಇವರು ಗುಂಡಿ ತೋಡಿದರು. ಮೇಲಿನ ಪದರ ಗಾಳಿ ಒತ್ತಿದ ಹಿಮ, ಹಲಗೆಯ ಹಾಗೆ ಗಟ್ಟಿ. ಕೆಳಗಿನಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ಹರಳು ಹರಳು, ಸಕ್ಕರೆ. ಹಿಡಿದರೆ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಲ್ಲಿ ಸೋರುತ್ತದೆ.

"ನೋಡ್ದಾ? ಸಕ್ಕರೆ ಮೇಲೆ ಹಲಗೆ ಇಟ್ಟು ಹಲಗೆ ಮೇಲೆ ದಿಬ್ಬಣ ನಿಲ್ಲಿಸಬೇಕಂತೆ" ಎಂದರು.

ಅಷ್ಟರಲ್ಲಿ ನೋರ್ಬು ಎರಡು ಹೆಜ್ಜೆ ಮುಂದಿಟ್ಟ. ಕಾಲಡಿಯ ಹಿಮ ಧೊಪ್ಪೆಂದು ಒಳಗೊಳಗೇ ಕುಸಿದು ಕೂತಿತು. ಎಲ್ಲರಿಗೂ ಕೇಳಿಸಿತು. ಇವರು ಮಗನ ನಿಲುವಂಗಿಯ ಕತ್ತು ಹಿಡಿದು ಹಿಂದಕ್ಕೆಳೆದರು.

"ಇವತ್ತು ಬೇಡ."

ಪಿಸುಮಾತಿನಲ್ಲೇ ಗಲಾಟೆ ಶುರುವಾಯಿತು.

"ಅಪ್ಪಾ, ಓಡಿ ದಾಟಿಬಿಡ್ತೀನಿ. ಒಂದೇ ಉಸಿರು."

"ಓಡಿದ್ರೆ ಬೇಗ ಸಾಯ್ತೀಯ, ಅಷ್ಟೇ ಲಾಭ."

ಅಂಗ್ದುಯಿ ದೊಡ್ಡಪ್ಪ ಮುಂದೆ ಬಂದ. "ಪಲ್ಜೋರ್, ಮಗನ ಬಾಳು ಕಣಯ್ಯಾ. ಇವತ್ತೊಂದು ದಿನ ಧೈರ್ಯ ಮಾಡು."

"ಧೈರ್ಯ ಇದ್ದಿದ್ರೆ ನನ್ನನ್ನ ಈ ಕೆಲಸಕ್ಕೆ ಇಡ್ತಿದ್ರಾ ದೊಡ್ಡಪ್ಪಾ?"

ನನಗೂ ತಡೆಯಲಿಲ್ಲ. "ರೀ, ಊರಿಗೆಲ್ಲ ಬೇಡ ಅಂದ್ರಿ, ಸರಿ. ಹೆತ್ತ ಮಗನಿಗೂ ಬೇಡ ಅಂತೀರಲ್ಲ!"

"ಇವನು ನನ್ನ ಮಗ ಅಂತ ಹಿಮಕ್ಕೆ ಗೊತ್ತಿಲ್ಲ ಕಣೇ" ಎಂದವರೇ ಕರಿ ಕಂಬಳಿಯನ್ನು ಬಂಡೆಯ ಮೇಲೆ ಹಾಸಿದರು. ಕಂಬಳಿಯ ಒಂದು ಮೂಲೆ ಮಡಿಚಿಕೊಂಡಿತು; ಅದನ್ನು ನಾಲ್ಕು ಸಲ ಸರಿಮಾಡಿದರು.

ಆಚೆ ದಂಡೆಯಲ್ಲಿ ಫುಂಚೋಗ್ ನೆಂಟರನ್ನೆಲ್ಲ ಬೆನ್ನಿಗೆ ಹಾಕಿಕೊಂಡು ನಿಂತಿದ್ದ. ಕಂಬಳಿ ಕಂಡ. ಕೂಗುವಂತಿಲ್ಲವಲ್ಲ. ತಲೆಯ ಟೋಪಿ ತೆಗೆದು ನೆಲಕ್ಕೆ ಎಸೆದ, ತುಳಿದ, ಟೋಪಿ ಹೊಸದೆಂದು ನೆನಪಾಗಿ ಎತ್ತಿಕೊಂಡು ಕೊಡವಿದ. ಆಮೇಲೆ ಹೆಂಡತಿಯ ಶಾಲು ಕಿತ್ತು ತನ್ನ ತಲೆಯ ಮೇಲೆ ಹೊದ್ದು, ಗಡಗಡ ನಡುಗುವವನ ಹಾಗೆ ಮಾಡಿ ನಮ್ಮ ಮನೆಯವರ ಕಡೆ ಬೆರಳು ತೋರಿಸಿದ. ಇವರು ತಲೆ ಅಲ್ಲಾಡಿಸಿದರು, ಹೌದು, ನಾನೇ ಎನ್ನುವ ಹಾಗೆ. ಅದರಿಂದ ಅವನಿಗೆ ಇನ್ನೂ ಸಿಟ್ಟು ಬಂತು. ಗುಂಪಿನೊಳಗೆ ಕೈ ಹಾಕಿ ಒಬ್ಬ ಹುಡುಗನನ್ನು ಎಳೆದು ಮುಂದೆ ನಿಲ್ಲಿಸಿ ಅವನ ಹೆಗಲ ಮೇಲೆ ಕೈಯಿಟ್ಟ. ಕೇಲಾಂಗ್‌ನ ಅಂಗಡಿಯವನ ಮಗ. ಮದುವೆಯೂಟಕ್ಕೆ ಬಂದಿದ್ದವನು, ಅವನ ಕೈಯಲ್ಲಿ ಇನ್ನೂ ಒಣಮಾಂಸದ ತುಂಡು ಇತ್ತು.

ನೋರ್ಬು ಕೊರಕಲಿಗೆ ಹಾರುವುದಕ್ಕೇ ಹೊರಟ. ಅಂಗ್ದುಯಿ ದೊಡ್ಡಪ್ಪನೂ ಅವನ ತಮ್ಮನೂ ಸೇರಿ ಅವನನ್ನು ಕೆಡವಿ ಮೇಲೆ ಕೂತರು. ಇಷ್ಟೆಲ್ಲ ಆಗುವಾಗ ಎರಡೂ ದಂಡೆಗಳಲ್ಲಿ ಒಂದು ಸದ್ದಿಲ್ಲ.

ಮುಂದಿನದನ್ನು ಆಚೆ ಇದ್ದ ಯಂಕಿ ಆಮೇಲೆ ನನಗೆ ಹೇಳಿದ್ದು. ಅಲ್ಲಿ ದೇಕಿ ಒಂದು ಮೂಲೆಯಲ್ಲಿ ಅಳುತ್ತಾ ಕೂತಿದ್ದಳು. ಯಂಕಿ ಹೆಣೆಯುತ್ತಿದ್ದ ಕಾಲ್ಚೀಲ ಹಿಡಿದೇ ಫುಂಚೋಗ್‌ನ ಮುಂದೆ ಹೋಗಿ ನಿಂತಳಂತೆ.

"ಮಾವ, ವರನಿಗೆ ಬರೋಕಾಗದಿದ್ರೆ ಅವನ ತಂಗಿ ಬಂದು ಹೆಣ್ಣು ಕರ್ಕೊಂಡು ಹೋಗೋದು ನಮ್ಮ ಪದ್ಧತಿಯಲ್ಲಿ ಇದೆಯೋ ಇಲ್ವೋ?"

"ಇದೆ. ಅದು ವರ ಫೌಜಿನಲ್ಲಿದ್ರೆ. ಇಲ್ಲ ಕಾಯಿಲೆ ಬಿದ್ರೆ."

"ನಮ್ಮಣ್ಣನಿಗೂ ಕಾಯಿಲೆನೇ. ಅಪ್ಪ ಅನ್ನೋ ಕಾಯಿಲೆ. ಹುಟ್ಟಿದಾಗಿಂದ ಇದೆ."

ಲಾಮಾ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದವರು ಮೂಗಿಗೆ ಏರಿಸಿಕೊಂಡು ಕೆಮ್ಮಿದರಂತೆ. ಫುಂಚೋಗ್ ಮಾತ್ರ ಸೋಲಲಿಲ್ಲ. "ಹೊತ್ತು ಮುಳುಗೋದರೊಳಗೆ ವರ ಹೊಸ್ತಿಲು ತುಳೀಬೇಕು ಅಂದಿದ್ದೆ. ತುಳಿದ್ನಾ?"

"ನಾನು ತುಳಿದು ಎಷ್ಟೋ ದಿನ ಆಯ್ತು ಮಾವ! ನಿಮ್ಮನೆ ತುಕ್ಪಾ ಉಂಡು ಉಂಡು ದಪ್ಪ ಆಗಿದ್ದೀನಿ. ಇಷ್ಟು ಮುಂಚೆ ಬಂದು ಕೂತ ವರ ಈ ಕಣಿವೆಯಲ್ಲಿ ಇನ್ಯಾರಿದ್ದಾನೆ ತೋರಿಸಿ."

"ವರನ ಬಾಣ ಎಲ್ಲಮ್ಮಾ?"

ಬಾಣ ನಮ್ಮ ಕಡೆ, ನೋರ್ಬುವಿನ ಕೈಯಲ್ಲಿ. ಅವನ ಮೇಲೆ ಇಬ್ಬರು ಕೂತಿದ್ದಾರೆ. ಯಂಕಿ ಕಾಲ್ಚೀಲದಿಂದ ಹೆಣಿಗೆಯ ಕಡ್ಡಿಯೊಂದನ್ನು ಸರಕ್ಕನೆ ಎಳೆದಳು. ಅರ್ಧ ಚೀಲ ಬಿಚ್ಚಿಹೋಯಿತು. ಕಡ್ಡಿಗೆ ಬಿಳಿ ರೇಷ್ಮೆ ಸುತ್ತಿ ಲಾಮಾ ಮುಂದೆ ಹಿಡಿದಳು. ಅವರು ತಿರುಗಿಸಿ ನೋಡಿ, "ಕಬ್ಬಿಣ ಇದೆ, ಮೊನೆ ಇದೆ. ಬಾಣಕ್ಕೆ ಇನ್ನೇನು ಬೇಕು?" ಎಂದರು.

ಫುಂಚೋಗ್ ಕಡ್ಡಿಯ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದನಂತೆ. ಅವನಿಗೆ ಬೇಕಾಗಿದ್ದದ್ದು ಖಾಲಿ ಚಾಪೆಯ ಅವಮಾನ ತಪ್ಪುವುದು. ಅಂಗಡಿಯವನ ಮಗನ ಮೇಲೆ ಅವನಿಗೂ ಅಂಥ ಪ್ರೀತಿಯಿರಲಿಲ್ಲ. "ಸರಿ. ಆದ್ರೆ ಆ ಹೇಡಿ ಎಲ್ಲರೆದುರು ನನ್ನ ಮಗಳನ್ನ ಸೊಸೆ ಅಂತ ಒಪ್ಕೊಳ್ಳಬೇಕು. ಇಲ್ಲದಿದ್ರೆ ನಾಳೆ ಅದಕ್ಕೂ ಬೇಡ ಅಂತಾನೆ."

ಈಚೆ ನಮಗೆ ಕಂಡದ್ದು ಇಷ್ಟು. ಗುಂಪು ಎರಡಾಗಿ ಸರಿಯಿತು. ನಡುವಿನಿಂದ ಯಂಕಿ ಫುಂಚೋಗ್‌ನ ಜರಿ ಟೋಪಿ ಹಾಕಿಕೊಂಡು, ಎದೆ ಸೆಟೆಸಿಕೊಂಡು, ನೋರ್ಬು ನಡೆಯುವ ಹಾಗೇ ಕಾಲು ಅಗಲಿಸಿ ನಡೆಯುತ್ತಾ ಬಂದಳು. ಪಕ್ಕದಲ್ಲಿ ಒಡವೆ ಹಾಕಿಕೊಂಡ ದೇಕಿ. ಯಂಕಿ ಕಡ್ಡಿಯನ್ನು ದೇಕಿಯ ಕೊರಳಪಟ್ಟಿಗೆ ಸಿಕ್ಕಿಸಿದಳು. ಎಲ್ಲರೂ ನಮ್ಮ ಕಡೆ ತಿರುಗಿ ನಿಂತರು.

ನೋರ್ಬು ಕೆಳಗಿನಿಂದ, "ಏನಾಗ್ತಿದೆ? ನನಗೆ ಕಾಣ್ತಿಲ್ಲ! ಏನಾಗ್ತಿದೆ?" ಎಂದು ಗೊಣಗುತ್ತಿದ್ದ.

"ನಿನ್ನ ಮದುವೆ ಆಗ್ತಿದೆ, ಸುಮ್ನಿರು" ಎಂದ ಅಂಗ್ದುಯಿ ದೊಡ್ಡಪ್ಪ.

ನಾನು ಕೆಂಪು ಶಾಲನ್ನು ಇವರ ಕೈಗೆ ಕೊಟ್ಟೆ. "ಬೀಸಿ, ಒಪ್ಕೊಂಡ್ವಿ ಅಂತ ಬೀಸಿ." ಇವರು ಶಾಲನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡರು. "ಶಾಲು ಬೀಸಿದ್ರೆ ದಾಟಬಹುದು ಅಂತ. ಯಾರಾದ್ರೂ ಒಬ್ಬ ಹೊರಟುಬಿಟ್ರೆ?" ಎಂದರು. ನನಗೆ ಅವರನ್ನೇ ಕೊರಕಲಿಗೆ ತಳ್ಳುವಷ್ಟು ಕೋಪ ಬಂತು. ಅವರು ಟೋಪಿ ತೆಗೆದರು. ಅಲ್ಲೇ ಉದ್ದಕ್ಕೆ ಮಲಗಿ ದೇಕಿಯ ಕಡೆಗೆ ನಮಸ್ಕಾರ ಮಾಡಿದರು. ಮಾವ ಸೊಸೆಗೆ ಅಡ್ಡಬೀಳುವುದನ್ನು ನಮ್ಮ ಕಣಿವೆಯಲ್ಲಿ ಯಾರೂ ಕಂಡಿರಲಿಲ್ಲ. ಒಂದು ಮಾತು ಮಾತ್ರ ಊರಿನವರು ಹೇಳುವುದು ನಿಜ: ಮಲಗುವ ಮೊದಲು ಆ ಜಾಗದ ಹಿಮವನ್ನು ಮುಷ್ಟಿಯಿಂದ ಒತ್ತಿ ನೋಡಿದ್ದರು.

ಫುಂಚೋಗ್ ಅದನ್ನು ನೋಡಿ ಶಾಲನ್ನು ಹೆಂಡತಿಗೆ ವಾಪಸ್ ಕೊಟ್ಟ. ಅಂಗಡಿಯವನ ಮಗ ಒಣಮಾಂಸವನ್ನು ಮುಗಿಸಿದ.

ಮದುವೆಯಾಯಿತು, ಸೊಸೆ ಬರಲಿಲ್ಲ. ಮುದುಕಿ ಇಳಿದ ಮೇಲೆ ತಾನೇ ಬರುವುದು? ನೋರ್ಬು ದಿನವೂ ಧೂಪದ ಮರದ ಹತ್ತಿರ ಹೋಗಿ ನಿಲ್ಲುತ್ತಿದ್ದ, ಆಚೆ ದಂಡೆಗೆ ದೇಕಿ ಬರುತ್ತಿದ್ದಳು, ಜೊತೆಗೆ ಯಂಕಿಯೂ. ಯಂಕಿ ಬೇಕೆಂದೇ ದೇಕಿಯ ಹೆಗಲ ಮೇಲೆ ಕೈ ಹಾಕಿ ಇಲ್ಲದ ಮೀಸೆ ತಿರುವುತ್ತಿದ್ದಳು. ಊರಿನವರು ನೋರ್ಬುವನ್ನು ಕಂಡಲ್ಲೆಲ್ಲ, "ಏನಪ್ಪಾ, ನಿನ್ನ ಹೆಂಡತಿಯ ಗಂಡ ಕ್ಷೇಮವಾ?" ಎನ್ನುತ್ತಿದ್ದರು. ನಾನಂತೂ ಮನೆಯವರ ಜೊತೆ ಮಾತು ಬಿಟ್ಟಿದ್ದೆ. ಮೌನದ ಕಾಲದಲ್ಲಿ ಮಾತು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅವರಿಗೂ ಗೊತ್ತಾಗಲಿಲ್ಲ.

ಮುದುಕಿ ಇಳಿಯಲಿಲ್ಲ. ಪ್ರತಿ ವರ್ಷ ಇಳಿಯುವ ಕಾಲ ಬಂತು, ಹೋಯಿತು. ಛಾವಣಿಯ ಹಿಮ ಕರಗಿ ಹನಿಯತೊಡಗಿತು, ಮುದುಕಿ ಮಾತ್ರ ಗೊರಕೆಯೂ ಹೊಡೆಯದೆ ಮಲಗಿದ್ದಳು. ಮೊದಲು ನಗುತ್ತಿದ್ದವರು ಈಗ ಇವರನ್ನು ಕಂಡರೆ ಬೇರೆ ಕಡೆ ನೋಡತೊಡಗಿದರು. ಇವರು ದಿನವೂ ಗುಂಡಿ ತೋಡುವುದು, ಕಂಬಳಿ ಹಾಸುವುದು. ನಡುವೆ ಒಂದು ದಿನ ಊಟ ಮಾಡುವಾಗ, ನಾನು ಕೇಳದಿದ್ದರೂ, "ಅವತ್ತೇ ಇಳಿದಿದ್ರೆ ನನ್ನ ಮಾತು ಉಳೀತಿತ್ತು ಅಂತ ಒಂದೊಂದ್ಸಲ ಅನ್ಸುತ್ತೆ. ಎಂಥ ಕೆಟ್ಟ ಬುದ್ಧಿ ನೋಡು" ಎಂದರು. ಅವತ್ತು ನಾನು ಅವರ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದೆ.

ಹಗಲು ಬಿಸಿಲು, ರಾತ್ರಿ ಕಡುಚಳಿ, ಹೀಗೆ ಬೆಂದು ಹೆಪ್ಪುಗಟ್ಟಿ ಹಿಮವೆಲ್ಲ ಒಂದೇ ಗಟ್ಟಿಯಾಯಿತು. ಒಂದು ಬೆಳಿಗ್ಗೆ ಇವರು ಗುಂಡಿಯಿಂದ ಎದ್ದು ಹಿಮ ಒತ್ತುವ ಕಡ್ಡಿ ತೋರಿಸಿದರು, ಮೊನೆ ಮುರಿದಿತ್ತು. ಕೆಳಗೆ ಸಕ್ಕರೆ ಇಲ್ಲ. "ಬಿಸಿಲು ಬೀಳೋದರೊಳಗೆ ದಾಟಬಹುದು" ಎಂದು ಕೆಂಪು ಶಾಲು ಬೀಸಿ, ತಾವೇ ಮೊದಲು ಹೊರಟರು. ದಾಟಬಹುದು ಎಂದ ಹೇಡಿಯೇ ಮೊದಲು ದಾಟಿ ತೋರಿಸಬೇಕು, ಅದೂ ರೂಢಿ. ಅವರು ಅಷ್ಟು ದೂರ ಹೋಗುವವರೆಗೆ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ.

ಆಚೆ ಫುಂಚೋಗ್ ಕಾಯುತ್ತಾ ನಿಂತಿದ್ದ. ಚಳಿಗಾಲವಿಡೀ ಕಟ್ಟಿಟ್ಟಿದ್ದ ಮಾತು ಗಂಟಲಲ್ಲಿತ್ತು. ಪಿಸುಗುಡುವುದು ಮರೆತೇಹೋಯಿತು.

"ಇಳಿಯಲೇ ಇಲ್ವಲ್ಲೋ ಮಾರಾಯಾ! ಅವತ್ತು ದಾಟಬಹುದಿತ್ತು!"

ಆ ಕೂಗು ಬೆಟ್ಟಕ್ಕೆ ಬಡಿದು ಮೂರು ಸಲ ತಿರುಗಿ ಬಂತು. ಈಚೆ ನಾವೆಲ್ಲ ಕೂತಲ್ಲೇ ತಲೆ ಬಗ್ಗಿಸಿದೆವು. ಏನೂ ಆಗಲಿಲ್ಲ. ನಮ್ಮ ಮನೆಯವರು ಹೇಳಿದ್ದೇನೆಂದು ಫುಂಚೋಗ್ ತಾನೇ ನನಗೆ ಎಷ್ಟೋ ಸಲ ಹೇಳಿದ್ದಾನೆ.

"ದಾಟಬಹುದಿತ್ತೇನೋ."

"ಮತ್ತೆ ಯಾಕೆ ಬೇಡ ಅಂದೆ?"

"ದಾಟಿದ್ರೆ ಇಳೀತಿದ್ದಳೇನೋ."

"ಅದನ್ನ ಹೇಗೆ ಹೇಳ್ತೀಯ?"

"ಹೇಳೋಕಾಗಲ್ಲ ಬೀಗರೇ. ಅದಕ್ಕೇ ಬೇಡ ಅಂದೆ."



ದೇಕಿ ಇವರ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ದಾಟಿದಳು. ಅವಳು ಪೂರ್ತಿ ದಾಟುವವರೆಗೆ ಹಿಂದಿನವರು ಕಾಲಿಡಕೂಡದು ಎಂದು ಇವರು ಯಂಕಿಯನ್ನು ಆಚೆಯೇ ನಿಲ್ಲಿಸಿದ್ದರು. ನೋರ್ಬು ಹೆಂಡತಿಗೆ ಮೊದಲು ಏನು ಹೇಳಬೇಕು ಎಂದು ಚಳಿಗಾಲವಿಡೀ ಯೋಚಿಸಿದ್ದ. ನಾನು ಕೊಟ್ಟಿಗೆಯಲ್ಲಿ ಅವನು ಹಸುವಿಗೆ ಒಪ್ಪಿಸುವುದನ್ನು ಕೇಳಿದ್ದೆ. ಅವಳು ಎದುರಿಗೆ ಬಂದು ನಿಂತಾಗ ಅವನ ಬಾಯಿಂದ ಬಂದದ್ದು ಇಷ್ಟೇ:

"ದಾರಿ ಜಾರ್ತಿತ್ತಾ?"

ದೇಕಿ ತಿರುಗಿ, ಅಷ್ಟರಲ್ಲಿ ವಾಪಸ್ ಹೋಗಿ ಕೊರಕಲಿನ ನಡುವೆ ಮೊಣಕಾಲೂರಿ ಯಂಕಿಗಾಗಿ ಮತ್ತೆ ಹಿಮ ಒತ್ತಿ ನೋಡುತ್ತಿದ್ದ ಮಾವನನ್ನು ನೋಡಿದಳು.

"ಜಾರೋಕೆ ಅವರು ಬಿಟ್ರೆ ತಾನೇ" ಎಂದಳು.